ಸಾರಸದ ಹನ್ನೆರಡನೆಯ ಮೊಟ್ಟೆ

"ಅಪ್ಪ, ಮೊಟ್ಟೆ ತಣ್ಣಗಾಗಿದೆ."

ಮೃಗಾಲಯದ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಮಗಳು ಇಷ್ಟು ಹೇಳಿದಾಗ ಕಾಂಪೌಂಡರ್ ಸೂಜಿಗಳನ್ನು ಕುದಿಯಲು ಇಡುತ್ತಿದ್ದ. ಸಿಬ್ಬಂದಿಯ ಮೊದಲ ಬಸ್ಸಿನಿಂದ ಅಪ್ಪ ಮಗಳು ಇಬ್ಬರೂ ಇಳಿದು ಇನ್ನೂ ಕಾಲು ಗಂಟೆಯಾಗಿರಲಿಲ್ಲ. ಯಾವ ಮೊಟ್ಟೆ ಎಂದು ಅವನು ಕೇಳಲಿಲ್ಲ. ಆ ತಿಂಗಳು ಆ ಮೃಗಾಲಯದಲ್ಲಿ ಮೊಟ್ಟೆ ಎಂದರೆ ಒಂದೇ, ಸಾರಸ ಕೊಕ್ಕರೆಯದು. ಅವನು ಒಲೆ ಆರಿಸಿ, ಹಿಂದಿನ ಮನೆಯಲ್ಲಿದ್ದ ಡಾಕ್ಟರಮ್ಮನನ್ನು ಕರೆಯಲು ಓಡಿದ.

ಅದು ಕಾಡನ್ನು ಕಡಿಯದೆ ಕಾಡಿನೊಳಗೇ ಬೇಲಿ ಎಳೆದು ಮಾಡಿದ ದೊಡ್ಡ ಮೃಗಾಲಯ. ಹುಲಿ ನೋಡಲು ಬಂದವರು ಮೂರು ಮೈಲಿ ನಡೆದು ಬರೀ ಮರ ನೋಡಿ, ಟಿಕೆಟ್ ಕೊಟ್ಟವನಿಗೆ ಶಾಪ ಹಾಕಿ ಹೋಗುವುದೂ ಇತ್ತು. ಅದರ ನಟ್ಟನಡುವೆ, ಕೆರೆಯ ಪಕ್ಕದಲ್ಲಿ, ಹಕ್ಕಿಮರಿಗಳನ್ನು ಸಾಕುವ ಮರಿಮನೆ. ಅದರ ಒಂದು ಗೋಡೆ ಪೂರ್ತಿ ಗಾಜು. ಹೊರಗೆ ನಿಂತವರಿಗೆ ಕಾವುಪೆಟ್ಟಿಗೆ, ಅದರ ಕೆಂಪು ದೀಪ, ಗಾಜಿನ ಮುಚ್ಚಳದಡಿ ಮರಳಿನ ಗುಳಿಯಲ್ಲಿ ಮಲಗಿದ್ದ ಬಿಳಿಯ ಮೊಟ್ಟೆ ಎಲ್ಲವೂ ಕಾಣುತ್ತಿತ್ತು. ಈ ಜೋಡಿ ಕೊಕ್ಕರೆಗಳ ಒಂದು ಮರಿಗಾಗಿ ಮೃಗಾಲಯ ವರ್ಷಗಟ್ಟಲೆ ಬಾಯಿ ಬಿಟ್ಟುಕೊಂಡು ಕಾದಿತ್ತು. ಹನ್ನೊಂದು ಮೊಟ್ಟೆಗಳು ತಾಯಿಯ ಕಾವಿನಲ್ಲೇ ಕೆಟ್ಟುಹೋಗಿದ್ದವು. ಎರಡು ವರ್ಷದ ಹಿಂದೆ ಮುದಿ ಗಂಡು ಸತ್ತು ಬೇರೆ ಕಡೆಯಿಂದ ಹೊಸ ಗಂಡು ಬಂದಿತ್ತು. ಆಮೇಲಿನ ಮೊದಲ ಮೊಟ್ಟೆ ಇದು. ಇದನ್ನಾದರೂ ಪೆಟ್ಟಿಗೆಯಲ್ಲಿ ಇಟ್ಟು ನೋಡೋಣ ಎಂದು ಹಟ ಹಿಡಿದು ನಿರ್ದೇಶಕ ಸಾಹೇಬರನ್ನು ಒಪ್ಪಿಸಿದವಳು ಮರಿಮನೆಯ ಕಿರಿಯ ಪಾಲಕಿ, ಕಾಂಪೌಂಡರನ ಮಗಳು. ಹನ್ನೆರಡನೆಯ ದಿನ ದೀಪದೆದುರು ಹಿಡಿದಾಗ ಒಳಗೆ ಏನೋ ಮಿಸುಕಿತ್ತು. ಅವತ್ತು ಅವಳು ಮನೆಗೆ ಬಂದು ಊಟ ಮಾಡದೆ ಅದನ್ನೇ ಹೇಳಿದ್ದಳು. ಇವತ್ತು ಇಪ್ಪತ್ತನಾಲ್ಕನೆಯ ದಿನ.

ಮರಿಮನೆಯ ಹೊಸ್ತಿಲಲ್ಲಿ ಪರ್ಮಾಂಗನೇಟ್ ಹರಳು ಕದಡಿದ ನೇರಳೆ ನೀರಿನ ತಟ್ಟೆ ಇತ್ತು. ರೋಗ ಒಳಗೆ ಹೋಗದಿರಲೆಂದು ಪ್ರತಿಯೊಬ್ಬರೂ ಬೂಟನ್ನು ಅದರಲ್ಲಿ ಅದ್ದಿಯೇ ಒಳಗೆ ಕಾಲಿಡಬೇಕು. ಆ ಅವಸರದಲ್ಲೂ ಡಾಕ್ಟರಮ್ಮ ಅದ್ದಿದರು, ಕಾಂಪೌಂಡರನೂ ಅದ್ದಿದ. ಒಳಗೆ ಪ್ಲಗ್ ಗೋಡೆಯಿಂದ ಕಳಚಿ ನೆಲದಲ್ಲಿ ಬಿದ್ದಿತ್ತು. ಕೆಂಪು ದೀಪ ಆರಿತ್ತು. ಡಾಕ್ಟರಮ್ಮ ಮೊದಲು ಪ್ಲಗ್ ಹಾಕಿ ದೀಪ ಹತ್ತಿಸಿದರು. ಆಮೇಲೆ ಮಗಳನ್ನು ಕೇಳಿದರು, "ಮೊಟ್ಟೆ ಮುಟ್ಟಿದ್ದೀಯಾ?"

"ಹೊರಗಿಂದ ಗಾಜು ಮುಟ್ಟಿದೆ ಅಷ್ಟೇ ಡಾಕ್ಟ್ರಮ್ಮ. ತಣ್ಣಗಿತ್ತು. ಓಡಿ ಬಂದೆ."

ಡಾಕ್ಟರಮ್ಮ ಮುಚ್ಚಳದ ಮೇಲೆ ಬಗ್ಗಿ ನಿಂತುಬಿಟ್ಟರು. ಕಾಂಪೌಂಡರ್ ಇಪ್ಪತ್ತಾರು ವರ್ಷಗಳಿಂದ ಅವರ ಜೊತೆಗಿದ್ದವನು. ಅವರು ಹಾಗೆ ನಿಂತರೆ ಪಕ್ಕದವರು ಕೆಮ್ಮಬಾರದು ಎಂದು ಅವನಿಗೆ ಗೊತ್ತು. ಆಮೆಯ ಚಿಪ್ಪು ಒಡೆದದ್ದು ಯಾರ ಗಾಡಿ, ಕರಡಿಯ ಜೇನು ಯಾರ ಮನೆಗೆ ಹೋಗುತ್ತಿತ್ತು, ಇಂಥವನ್ನೆಲ್ಲ ಕಂಡುಹಿಡಿದದ್ದು ಅವರೇ. ತನಗೆ ಎಲ್ಲಿ ನೋವು ಎಂದು ಬಾಯಿಬಿಟ್ಟು ಹೇಳಿದ ರೋಗಿ ಒಬ್ಬನೂ ತನಗೆ ಸಿಕ್ಕಿಲ್ಲ, ಹಾಗಾಗಿ ಕಣ್ಣಿಗೆ ಕೆಲಸ ಕೊಡುವುದನ್ನು ಕಲಿತೆ ಎನ್ನುತ್ತಿದ್ದರು. ಈಗ ಅವರು ಮೊಟ್ಟೆ ನೋಡಿದರು, ಗೋಡೆಗೆ ನೇತುಹಾಕಿದ್ದ ಪುಸ್ತಕ ನೋಡಿದರು, ಮತ್ತೆ ಮೊಟ್ಟೆ ನೋಡಿದರು. ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ಜೇಬಿನಿಂದ ತೆಗೆದು, ಮುಚ್ಚಳ ಸರಿಸಿ, ಪಕ್ಕದ ಮರಳನ್ನು ಬೆರಳಿನಿಂದ ಚೂರು ಕೆದರಿ, ಮೊಟ್ಟೆಯ ಅಡಿಗೆ ಹಿಡಿದರು. ಕಾಂಪೌಂಡರನಿಗೂ ಕಾಣಿಸಿತು. ಅಡಿಯಲ್ಲಿ ಅಡಿಕೆಯಷ್ಟಗಲದ ಕಂದು ಕಲೆ. ಮಣ್ಣಿರಬೇಕು ಎಂದುಕೊಂಡ.

"ನಾನು ಹೇಳೋವರೆಗೂ ಯಾರೂ ಇದನ್ನ ತಿರುಗಿಸಕೂಡದು" ಎಂದರು ಡಾಕ್ಟರಮ್ಮ.

ತಿರುಗಿಸುವುದೆಂದರೆ ಇದು: ಕಾವಿಗಿಟ್ಟ ಮೊಟ್ಟೆ ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಒಳಗಿನ ಜೀವ ಚಿಪ್ಪಿಗೆ ಅಂಟಿಕೊಳ್ಳುತ್ತದೆ. ತಾಯಿಹಕ್ಕಿ ಕೊಕ್ಕಿನಿಂದ ಹೊರಳಿಸುತ್ತದೆ, ಪೆಟ್ಟಿಗೆಯಲ್ಲಾದರೆ ಮನುಷ್ಯರು ಹೊರಳಿಸಬೇಕು. ಲೆಕ್ಕ ತಪ್ಪದಿರಲೆಂದು ಚಿಪ್ಪಿನ ಒಂದು ಮಗ್ಗುಲಿಗೆ ಪೆನ್ಸಿಲಿನಲ್ಲಿ ಕತ್ತರಿ ಗುರುತು, ಇನ್ನೊಂದಕ್ಕೆ ಸೊನ್ನೆ ಹಾಕಿರುತ್ತಾರೆ. ದಿನಕ್ಕೆ ಮೂರು ಸಲ ತಿರುಗಿಸಿ, ಯಾವ ಗುರುತು ಮೇಲಿದೆ ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ಪೆಟ್ಟಿಗೆಯ ಮುಚ್ಚಳ ತೆಗೆದವನು ಮೊಟ್ಟೆ ತಿರುಗಿಸದೆ ಮುಚ್ಚಕೂಡದು ಎಂಬುದು ಮರಿಮನೆಯ ಕಟ್ಟಪ್ಪಣೆ. ನವಿಲು, ಕಾಡುಕೋಳಿಗಳ ಮೊಟ್ಟೆಗಳ ಮೇಲೆ ಕೈಹಿಡಿದು ಇದನ್ನು ಮಗಳಿಗೆ ಕಲಿಸಿದವನು ದೊಡ್ಡಣ್ಣ.

ದೊಡ್ಡಣ್ಣ ಎಂದರೆ ಹಕ್ಕಿಗಳ ವಿಭಾಗದ ಹಿರಿಯ ಪಾಲಕ. ಮೃಗಾಲಯದ ಆವರಣದಲ್ಲೇ ಮನೆ, ಇನ್ನೊಂದು ತಿಂಗಳಿಗೆ ನಿವೃತ್ತಿ. ಮೃಗಾಲಯಕ್ಕೆಲ್ಲ ದೊಡ್ಡಣ್ಣ, ಕಾಂಪೌಂಡರನಿಗೆ ಜೀವದ ಗೆಳೆಯ, ಅವನ ಮಗಳಿಗೆ ದೊಡ್ಡಪ್ಪ. ಕರಡಿಮನೆಯಲ್ಲಿ ಬೇಲಿಗೆ ಸಿಕ್ಕಿಕೊಂಡ ಮರಿಯನ್ನು ಬಿಡಿಸಲು ಬೆಳಿಗ್ಗೆ ಐದಕ್ಕೇ ಕರೆಬಂದಿತ್ತಂತೆ. ಸುದ್ದಿ ತಿಳಿದು ಅಲ್ಲಿಂದಲೇ ಏದುಸಿರು ಬಿಡುತ್ತ ಬಂದ. ನೆಲದ ಮೇಲಿನ ಪ್ಲಗ್ಗಿನ ಕತೆ ಕೇಳಿ, ಗೋಡೆಯಲ್ಲಿ ಈಗ ಗಟ್ಟಿಯಾಗಿ ಕೂತಿದೆಯೇ ಎಂದು ಅದನ್ನು ಒತ್ತಿ ನೋಡಿದ. ಆಮೇಲೆ ಮಗಳ ತಲೆ ನೇವರಿಸಿದ.

ಎಂಟು ಗಂಟೆಗೆ ಮೃಗಾಲಯದ ನಿರ್ದೇಶಕ ಸಾಹೇಬರು ಬಂದರು. ಕೆಟ್ಟ ಮನುಷ್ಯರಲ್ಲ, ಆದರೆ ಮೊಟ್ಟೆಯ ವಿಷಯವನ್ನು ಪತ್ರಿಕೆಗಳಿಗೆ ತಾವೇ ಹೇಳಿ ಕೂತಿದ್ದರು. ಸಂಜೆ ಬೀಗ ಹಾಕಿ ಹೋದವಳು, ಬೆಳಿಗ್ಗೆ ಬೀಗ ತೆಗೆದವಳು ಇಬ್ಬರೂ ಒಬ್ಬಳೇ. ಇನ್ನು ಹುಡುಕುವುದೇನಿದೆ ಎಂಬುದು ಅವರ ವಾದ. ಸಂಜೆ ನಾಲ್ಕರೊಳಗೆ ಸರಿಯಾದ ಉತ್ತರ ಕೊಡದಿದ್ದರೆ ಕೆಲಸದಿಂದ ತೆಗೆಯುವುದಾಗಿ, ಇಂಥ ಅಜಾಗರೂಕತೆ ಬರೆದು ಕಳಿಸಿದ ಮೇಲೆ ಬೇರೆ ಯಾವ ಮೃಗಾಲಯವೂ ಅವಳನ್ನು ಒಳಗೆ ಬಿಡುವುದಿಲ್ಲ ಎಂಬುದಾಗಿ ಹೇಳಿ ಹೋದರು. ಮಗಳು ಅಳಲಿಲ್ಲ. ಕಾಂಪೌಂಡರನಿಗೆ ಅದೇ ಹೆಚ್ಚು ಸಂಕಟವಾಯಿತು.

ದೊಡ್ಡಣ್ಣ ಅವನ ಹೆಗಲ ಮೇಲೆ ಕೈಹಾಕಿ ಹೊರಗೆ ಬೇಲಿಯ ಹತ್ತಿರ ಕರೆದೊಯ್ದ. "ಮನಸ್ಸಿಗೆ ಹಚ್ಚಿಕೋಬೇಡ. ಹುಡುಗಿ, ಕಾಲಿಗೆ ವೈರು ತಾಗಿರುತ್ತೆ. ನಾನು ಸಾಹೇಬರ ಕೈಕಾಲು ಹಿಡಿದಾದ್ರೂ ಜಿಂಕೆ ವಿಭಾಗಕ್ಕೆ ಹಾಕಿಸ್ತೀನಿ. ಕೆಲಸ ಉಳಿಯುತ್ತೆ" ಎಂದ. ಕಾಂಪೌಂಡರನಿಗೆ ಕಣ್ಣು ತುಂಬಿ ಬಂತು. ಇಂಥ ಹೊತ್ತಿನಲ್ಲಿ ಬೆನ್ನಿಗೆ ನಿಲ್ಲುವವನು ಒಬ್ಬನಾದರೂ ಇದ್ದಾನಲ್ಲ ಎನ್ನಿಸಿ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ವರ್ಷಗಟ್ಟಲೆ ನೇರಳೆ ನೀರು ಕದಡಿ ಉಗುರುಗಳೆಲ್ಲ ಕಂದಾಗಿದ್ದ ಕೈ ಅದು. ಹಿಂದೊಮ್ಮೆ ಯಾರೋ ಹರಳು ಹೆಚ್ಚು ಹಾಕಿ ಜಿಂಕೆಗಳ ಗೊರಸು ಸುಟ್ಟ ಮೇಲೆ, ಹರಳಿನ ಡಬ್ಬಿಯನ್ನು ದೊಡ್ಡಣ್ಣ ಬೇರೆ ಯಾರ ಕೈಗೂ ಕೊಟ್ಟಿರಲಿಲ್ಲ. ಸಂಜೆ ಬಾಗಿಲು ಮುಚ್ಚುವ ಹೊತ್ತಿಗೆ ಬಕೆಟ್ ಹಿಡಿದು ಪ್ರತಿ ಹೊಸ್ತಿಲಿಗೂ ತಾನೇ ಹೊಸ ನೀರು ಹಾಕುತ್ತಿದ್ದ.

ಒಂಬತ್ತಕ್ಕೆ ಗೇಟು ತೆರೆಯಿತು. ಡಾಕ್ಟರಮ್ಮ ಕಾಂಪೌಂಡರನನ್ನು ಜೊತೆಗೆ ಕರೆದುಕೊಂಡು, ಗಾಯಾಳು ಜಿಂಕೆ ನೋಡಲು ಹೊರಟವರ ಹಾಗೆ ಸಾವಕಾಶವಾಗಿ ವಿಚಾರಣೆಗೆ ಹೊರಟರು. ಮೊದಲು ಸಿಕ್ಕವಳು ಮರಿಮನೆ ಒರೆಸುವ ಹೆಂಗಸು. ಕೇಳದಿದ್ದರೂ ಸುದ್ದಿ ಹೇಳುತ್ತಾಳೆಂದು ಅವಳಿಗೆ ಸುದ್ದಿಯಕ್ಕ ಎಂದೇ ಹೆಸರು. ಇವತ್ತು ಮಾತ್ರ ಕೇಳಿದರೂ ಹೇಳಲಿಲ್ಲ. ತನ್ನ ಒರೆಸುವ ಕೋಲೇ ಪ್ಲಗ್ ಎಳೆಯಿತೆಂದು ಎಲ್ಲರೂ ಸೇರಿ ತೀರ್ಮಾನಿಸುತ್ತಾರೆ ಎಂದು ಅವಳಿಗೆ ಭಯ. ಡಾಕ್ಟರಮ್ಮ ಅವಳ ಮೊಮ್ಮಗಳ ಕೆಮ್ಮಿನ ವಿಷಯ ಎತ್ತಿ, ಅಲ್ಲಿಂದ ನಿಧಾನವಾಗಿ ಇಲ್ಲಿಗೆ ತಂದರು. ನಿನ್ನೆ ಸಂಜೆ ಹುಡುಗಿ ಬೀಗ ಹಾಕಿದಾಗ ತಾನೂ ಪಕ್ಕದಲ್ಲೇ ಇದ್ದೆ, ವೈರೆಂದರೆ ಹೆದರಿಕೆಯಾದ್ದರಿಂದ ಹೊರಡುವಾಗ ಕೆಂಪು ದೀಪ ನೋಡಿಯೇ ಹೊರಡುವವಳು, ನಿನ್ನೆಯೂ ಉರಿಯುತ್ತಿತ್ತು ಎಂದು ಅವಳು ಹೇಳಿದಳು. ಇಬ್ಬರೂ ಒಟ್ಟಿಗೇ ಆರು ಗಂಟೆಯ ಬಸ್ಸಿಗೆ ನಡೆದಿದ್ದರು. ಬಸ್ಸಿನಲ್ಲಿ ಕಾಂಪೌಂಡರ್ ಅವರಿಗಾಗಿ ಸೀಟು ಹಿಡಿದಿದ್ದ.

ಮರಿಮನೆಯ ಇನ್ನೊಂದು ಕೀಲಿ ಕಚೇರಿಯ ಹಲಗೆಯ ಮೇಲೆ ನೇತಾಡುತ್ತಿತ್ತು. ಖಾಕಿ ಹಾಕಿದ ಯಾರು ಬೇಕಾದರೂ ತೆಗೆದುಕೊಂಡು ಹೋಗಬಹುದು, ಗುಮಾಸ್ತ ತಲೆ ಎತ್ತುವುದಿಲ್ಲ.

ಎರಡನೆಯವನು ತಾನಾಗಿಯೇ ಬಂದ. ಮೂರು ದಿನದಿಂದ ಟಿಕೆಟ್ ಕೊಂಡು ಬಂದು ಗಾಜಿನ ಗೋಡೆಗೆ ಮೂಗು ಒತ್ತಿ ನಿಲ್ಲುತ್ತಿದ್ದ ಒಬ್ಬ ಪ್ರವಾಸಿ, ಕುತ್ತಿಗೆಯಲ್ಲಿ ದೊಡ್ಡ ಕ್ಯಾಮೆರಾ. ಹಿಂದಿನ ದಿನ ಒಳಗೆ ಬಿಡಿ ಎಂದು ಮಗಳ ಜೊತೆ ಜಗಳವಾಡಿದ್ದ. ಕಾಂಪೌಂಡರನಿಗೆ ಇವನೇ ಎನ್ನಿಸಿಬಿಟ್ಟಿತು, ಇವನೇ ಆಗಿರಲಿ ಎಂಬ ಆಸೆಯೂ ಇತ್ತು. ಅವನನ್ನು ಹಿಡಿದು ನಾಲ್ಕು ಬಿಗಿಯಬೇಕು ಎಂದುಕೊಳ್ಳುವಷ್ಟರಲ್ಲಿ ಡಾಕ್ಟರಮ್ಮ ಅವನ ಪಕ್ಕದಲ್ಲಿ ಕಲ್ಲುಬೆಂಚಿನ ಮೇಲೆ ಕೂತು, ತೆಗೆದ ಚಿತ್ರಗಳನ್ನೆಲ್ಲ ತೋರಿಸು ಎಂದು ಕೇಳಿದ್ದರು. ಅವನು ಖುಷಿಯಿಂದ ತೋರಿಸಿದ. ಕೊನೆಯ ಚಿತ್ರ ಹಿಂದಿನ ಸಂಜೆಯದು. ಒಳಗಿನ ಗೋಡೆ ಗಡಿಯಾರದಲ್ಲಿ ಐದು ಮೂವತ್ತೆರಡು. ಮಗಳು ಪುಸ್ತಕದಲ್ಲಿ ಬರೆಯುತ್ತ ನಿಂತಿದ್ದಳು. ಪೆಟ್ಟಿಗೆಯ ಕೆಂಪು ದೀಪ ಉರಿಯುತ್ತಿತ್ತು. ಮರಳಿನಲ್ಲಿ ಮೊಟ್ಟೆ, ಅದರ ಮೇಲೆ ಪೆನ್ಸಿಲಿನ ಗುರುತು. ಡಾಕ್ಟರಮ್ಮ ಆ ಚಿತ್ರವನ್ನು ದೊಡ್ಡದು ಮಾಡಿಸಿ ನೋಡಿ, ಕ್ಯಾಮೆರಾ ಸಮೇತ ನಾಲ್ಕು ಗಂಟೆಗೆ ಮರಿಮನೆಗೆ ಬಾ, ನಿನ್ನನ್ನು ಒಳಗೆ ಬಿಡುತ್ತೇವೆ ಎಂದರು.

ವಾಪಸು ಬರುವಾಗ, ಯಾರೆಂದು ಗೊತ್ತಾಯಿತೇ ಎಂದು ಕಾಂಪೌಂಡರ್ ಕೇಳಿದ.

"ಗೊತ್ತಾಯ್ತು. ನೀವು ಸಂಜೆ ನನ್ನ ಪಕ್ಕದಲ್ಲೇ ನಿಲ್ಲಿ" ಎಂದಷ್ಟೇ ಹೇಳಿ, ಆಸ್ಪತ್ರೆಯ ಹಳೆಯ ಕಪಾಟಿನ ಕೀಲಿ ಇಸಿದುಕೊಂಡು ಒಳಗೆ ಹೋದರು.

ನಾಲ್ಕಕ್ಕೆ ಎಲ್ಲರೂ ಕಾವುಪೆಟ್ಟಿಗೆಯ ಸುತ್ತ ಸೇರಿದರು. ಸಾಹೇಬರು, ಮಗಳು, ಸುದ್ದಿಯಕ್ಕ, ಕ್ಯಾಮೆರಾದವನು, ದೊಡ್ಡಣ್ಣ. ಗಾಜಿನ ಆಚೆ ನೋಡಲು ಬಂದ ಜನ ಗುಂಪುಗೂಡಿದ್ದರು. ಸುದ್ದಿಯಕ್ಕ ಪರದೆ ಎಳೆದಳು.

ಡಾಕ್ಟರಮ್ಮ ತರಗತಿಯಲ್ಲಿ ಪಾಠ ಮಾಡುವವರ ಹಾಗೆ ಶುರುಮಾಡಿದರು. ಬೆಳಿಗ್ಗೆ ತಾವು ಬಂದಾಗ ಮೊಟ್ಟೆಯ ಮೇಲ್ಭಾಗದಲ್ಲಿ ಇದ್ದದ್ದು ಸೊನ್ನೆ. ಪುಸ್ತಕದಲ್ಲಿ ಕೊನೆಯದಾಗಿ ಬರೆದಿರುವುದು ಕತ್ತರಿ. ಪುಸ್ತಕ ಬರೆದವಳು ಹುಡುಗಿ, ಅದನ್ನು ನಂಬಬೇಡಿ ಎನ್ನಬಹುದು. ಆದರೆ ಈ ಪ್ರವಾಸಿಯ ಚಿತ್ರದಲ್ಲೂ ಐದು ಮೂವತ್ತೆರಡಕ್ಕೆ ಮೇಲಿರುವುದು ಕತ್ತರಿಯೇ. ಆಮೇಲೆ ಅವಳು ಸುದ್ದಿಯಕ್ಕನ ಜೊತೆ ಹೊರಟಳು, ಬಸ್ಸು ಹತ್ತಿದಳು. ಪ್ಲಗ್ ತಾನಾಗಿ ಕಳಚಿ ಬೀಳಬಹುದು. ಕೋಲು ತಾಗಿಯೂ ಬೀಳಬಹುದು. ಮರಳಿನ ಗುಳಿಯಲ್ಲಿ ಕೂತ ಮೊಟ್ಟೆ ತಾನಾಗಿ ಮಗ್ಗುಲು ಬದಲಿಸುವುದಿಲ್ಲ.

"ಹಾಗಾದ್ರೆ ಯಾರೋ ಒಳಗೆ ಬಂದಿದ್ರು" ಎಂದರು ಸಾಹೇಬರು.

"ಬಂದಿದ್ರು. ಕೆಡಿಸೋಕೆ ಅಂತಲೇ ಬಂದಿದ್ರು. ಬೇರೆಯವರಾಗಿದ್ರೆ ಪ್ಲಗ್ ಕಿತ್ತು ಹೋಗ್ತಿದ್ರು. ಇವರು ಮುಚ್ಚಳ ತೆಗೆದ್ರು, ಮೊಟ್ಟೆ ತಿರುಗಿಸಿದ್ರು, ಮುಚ್ಚಳ ಹಾಕಿದ್ರು. ಮುಚ್ಚಳ ತೆಗೆದ ಮೇಲೆ ತಿರುಗಿಸದೆ ಇರೋಕೆ ಆಗದ ಕೈ ಅದು. ಕೊಲ್ಲೋಕೆ ಬಂದ ಕೈ ಸಾಕೋ ಕೆಲಸ ಮಾಡಿಟ್ಟು ಹೋಗಿದೆ."

ಅಂಥ ಕೈ ಆ ಮನೆಯಲ್ಲಿ ಎರಡೇ ಎಂದು ಲೆಕ್ಕ ಹಾಕಲು ಕಾಂಪೌಂಡರನಿಗೆ ಹೊತ್ತು ಬೇಕಾಗಲಿಲ್ಲ. ಒಂದು ಕೈ ಬಸ್ಸಿನಲ್ಲಿ ಅವನ ಪಕ್ಕವೇ ಕೂತಿತ್ತು. ದೊಡ್ಡಣ್ಣನ ಕಡೆ ನೋಡಲು ಅವನಿಗೆ ಆಗಲಿಲ್ಲ.

ಡಾಕ್ಟರಮ್ಮ ಕೈತೊಳೆದು ಬಂದು ಮೊಟ್ಟೆಯನ್ನು ಮೆಲ್ಲನೆ ಹೊರಳಿಸಿದರು. ಕತ್ತರಿ ಗುರುತು ಮೇಲೆ ಬಂತು, ಅದರ ಪಕ್ಕದಲ್ಲೇ ಕಂದು ಕಲೆ. ಬೆಳಿಗ್ಗೆ ಕಾಂಪೌಂಡರ್ ಮಣ್ಣು ಎಂದುಕೊಂಡದ್ದು. ಚಿತ್ರದಲ್ಲಿ ಅದೇ ಮಗ್ಗುಲು ಹಾಲಿನ ಹಾಗೆ ಸ್ವಚ್ಛವಾಗಿತ್ತು. ಅಂದರೆ ಐದು ಮೂವತ್ತೆರಡರ ಮೇಲೆ ಮೂಡಿದ ಕಲೆ. ಹೊಸ್ತಿಲಿನ ನೇರಳೆ ನೀರು ಒಣಗಿದರೆ ಹೀಗೇ ಕಂದಾಗುತ್ತದೆ ಎಂದು ಡಾಕ್ಟರಮ್ಮ ವಿವರಿಸಿದರು. ನಾವೆಲ್ಲ ಆ ನೀರಿಗೆ ಬೂಟು ಅದ್ದುತ್ತೇವೆ. ಸಂಜೆ ಅದೇ ಹೊತ್ತಿಗೆ ಅದರಲ್ಲಿ ಕೈ ಅದ್ದಿ ಕದಡುವವನು ಒಬ್ಬನೇ. ಕೈ ತೊಳೆದುಕೊಂಡೇ ಬಂದಿರುತ್ತಾನೆ, ಅಷ್ಟು ಶಿಸ್ತು ಅವನಿಗಿದೆ. ಆದರೆ ಅಂಗಿಯ ತೋಳು ಒದ್ದೆಯಾಗಿತ್ತು, ಪೆಟ್ಟಿಗೆ ಆಳವಾಗಿತ್ತು, ಕೈ ಚಾಚಿದಾಗ ತೋಳು ಚಿಪ್ಪಿಗೆ ತಾಗಿದೆ.

ದೊಡ್ಡಣ್ಣ ಎರಡು ಕೈಯನ್ನೂ ಜೇಬಿನೊಳಗೆ ಹಾಕಿಕೊಂಡಿದ್ದ.

"ತಾಯಿ ಕಾವಿಗಿಂತ ಬೇರೆ ಕಾವಿಲ್ಲ ಅಂತ ಹನ್ನೊಂದು ಮೊಟ್ಟೆ ಕೊಕ್ಕರೆ ಕೆಳಗೇ ಬಿಟ್ಟೆ" ಎಂದ ಕೊನೆಗೆ. "ಎಲ್ಲ ಕೆಟ್ಟವು. ಜೋಡಿ ಗೊಡ್ಡು, ನಾನೇನು ಮಾಡಲಿ ಅಂತ ಎಲ್ಲರ ಹತ್ರ ಹೇಳಿಕೊಂಡು ಬಂದೆ. ಈಗ ಇದೊಂದು ಪೆಟ್ಟಿಗೆಯಲ್ಲಿ ಮರಿಯಾದ್ರೆ ಏನರ್ಥ? ಆ ಹನ್ನೊಂದನ್ನೂ ಕೊಂದವನು ನಾನೇ ಅಂತ ತಾನೇ? ಹೋಗೋ ಕಾಲದಲ್ಲಿ ಆ ಹೆಸರು ಹೊತ್ತುಕೊಂಡು ಹೋಗಲಾ?"

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಪ್ಲಗ್ ಮತ್ತೆ ಹಾಕಿಬಿಡುವುದು ಅವನ ಲೆಕ್ಕಾಚಾರವಾಗಿತ್ತು. ಆಗ ಇದೂ ಆ ಹನ್ನೊಂದರ ಹಾಗೆ ಕೆಡುತ್ತಿತ್ತು, ಯಾರ ಮೇಲೂ ತಪ್ಪು ಬರುತ್ತಿರಲಿಲ್ಲ. ಕರಡಿಮನೆಯಿಂದ ಕರೆ ಬಂದದ್ದು ಅವನ ಲೆಕ್ಕಾಚಾರವನ್ನು ಕೆಡಿಸಿತ್ತು. ಬಿಸಿ ಬೇಗ ಆರಲೆಂದು ಮುಚ್ಚಳ ತೆಗೆದೆ, ತಿರುಗಿಸಿದ್ದು ನನಗೇ ನೆನಪಿಲ್ಲ ಎಂದ.

ಕಾಂಪೌಂಡರ್ ಈಗ ಅವನ ಕಡೆ ತಿರುಗಿದ. "ಬೆಳಿಗ್ಗೆ ನನ್ನ ಹೆಗಲ ಮೇಲೆ ಕೈ ಹಾಕಿದೆಯಲ್ಲೋ. ಕಾಲಿಗೆ ವೈರು ತಾಗಿರುತ್ತೆ ಅಂದೆಯಲ್ಲ. ನಾನು ನಿನ್ನ ಕೈ ಹಿಡಿದುಕೊಂಡು ಅತ್ತೆ."

ದೊಡ್ಡಣ್ಣ ಪೆಟ್ಟಿಗೆಯ ಕಡೆ ತಿರುಗಿ ನಿಂತ.

ಡಾಕ್ಟರಮ್ಮ ದೀಪ ಹತ್ತಿಸಿ ಮೊಟ್ಟೆಯನ್ನು ಅದರೆದುರು ಹಿಡಿದರು. ಗುರುತು ಕದಲದಿರಲೆಂದು ಬೆಳಿಗ್ಗೆಯಿಂದ ಎತ್ತದೆ ಇಟ್ಟಿದ್ದರು, ಇದೇ ಮೊದಲ ಸಲ. ಎಲ್ಲರೂ ನೋಡಿದರು. ಒಳಗೆ ಮುಕ್ಕಾಲು ಬೆಳೆದ ಕಪ್ಪು ನೆರಳು ಇತ್ತು, ಆದರೆ ಅದು ಮಿಸುಕಲಿಲ್ಲ. ಅವರು ಬಹಳ ಹೊತ್ತು ಹಾಗೇ ಹಿಡಿದಿದ್ದು, ಆಮೇಲೆ ದೀಪ ಆರಿಸಿದರು. ಮಗಳು ಮುಖ ಮುಚ್ಚಿಕೊಂಡಳು.

"ಇನ್ನೊಂದು ವಿಷಯ" ಎಂದು ಡಾಕ್ಟರಮ್ಮ ಕಪಾಟಿನಿಂದ ತಂದಿದ್ದ ಹಳೆಯ ಕಡತ ಬಿಚ್ಚಿದರು. ಕೆಟ್ಟ ಮೊಟ್ಟೆಗಳೆಲ್ಲ ಪರೀಕ್ಷೆಗೆ ಆಸ್ಪತ್ರೆಗೇ ಬಂದಿದ್ದವು. ಹನ್ನೊಂದನ್ನೂ ಅವರೇ ಒಡೆದು ನೋಡಿದ್ದರು. ಯಾವುದರಲ್ಲೂ ಜೀವ ಮೂಡಿರಲೇ ಇಲ್ಲ. ಮುದಿ ಗಂಡಿಗೆ ಸಂತಾನಶಕ್ತಿ ಇರಲಿಲ್ಲ. ಹೊಸ ಗಂಡು ಬಂದ ಮೇಲಿನ ಮೊಟ್ಟೆಗೆ ಜೀವ ಬಂತು, ಅಷ್ಟೇ. ಪೆಟ್ಟಿಗೆಯಲ್ಲಿಟ್ಟರೂ ತಾಯಿಯ ಕೆಳಗಿಟ್ಟರೂ ಆ ಹನ್ನೊಂದು ಮರಿಯಾಗುತ್ತಿರಲಿಲ್ಲ.

"ನೀವು ಹೇಳಿಕೊಂಡು ಬಂದಿದ್ದು ನಿಜವೇ ಆಗಿತ್ತು ದೊಡ್ಡಣ್ಣ. ನೀವು ಒಂದನ್ನೂ ಕೊಂದಿರಲಿಲ್ಲ" ಎಂದರು. "ಇದರವರೆಗೆ."

"ಹನ್ನೊಂದೂ?"

"ಹನ್ನೊಂದೂ."

ದೊಡ್ಡಣ್ಣ ಕಡತದ ಹಾಳೆಗಳನ್ನೇ ನೋಡಿದ. ಬರವಣಿಗೆ ಕಾಂಪೌಂಡರನದು. ಒಂದೊಂದು ಹಾಳೆಯ ಕೊನೆಗೂ ಗೊಡ್ಡು ಎಂದು ದುಂಡಾಗಿ ಬರೆದು ಅಡಿಗೆರೆ ಎಳೆದಿದ್ದ. ದೊಡ್ಡಣ್ಣ ತಲೆ ಎತ್ತಿ ಗೆಳೆಯನನ್ನು ನೋಡಿದ. "ನಿನಗೆ ಗೊತ್ತಿತ್ತಾ?"

ಗೊತ್ತಿತ್ತು. ದಿನಾ ಒಟ್ಟಿಗೆ ಟೀ ಕುಡಿಯುವಾಗ ಜೋಡಿ ಗೊಡ್ಡು ಎಂದು ದೊಡ್ಡಣ್ಣನೇ ಹೇಳುತ್ತಿದ್ದ. ಅವನೇ ಹೇಳುವುದನ್ನು ಅವನಿಗೆ ಮತ್ತೆ ಹೇಳಬೇಕೆಂದು ಕಾಂಪೌಂಡರನಿಗೆ ಯಾವತ್ತೂ ಹೊಳೆದಿರಲಿಲ್ಲ. ಒಂದು ಮಾತು, ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಆ ಯೋಚನೆ ಬಂದದ್ದೇ ತಡ ಅವನಿಗೆ ಮೈಯೆಲ್ಲ ಉರಿಯಿತು. ಮಗಳನ್ನು ಬೀದಿಗೆ ತಳ್ಳಲು ಸಿದ್ಧನಾದವನ ಎದುರು ತಾನೇ ತಪ್ಪಿತಸ್ಥನಂತೆ ನಿಲ್ಲಬೇಕಾಯಿತಲ್ಲ ಎಂದು ಸಿಟ್ಟು ಬಂತು. ಅವನು ಕಡತ ಮುಚ್ಚಿ ಎತ್ತಿಕೊಂಡ.

ಸಾಹೇಬರು, ಹುಡುಗಿಯ ಮೇಲಿನ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ, ನಾಳೆಯಿಂದ ಮರಿಮನೆ ಅವಳದೇ ಎಂದರು. ಅವಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಮುಖ ಒರೆಸಿಕೊಂಡು ದೊಡ್ಡಣ್ಣನ ಹತ್ತಿರ ಬಂದು ನಿಂತಳು.

"ದೊಡ್ಡಪ್ಪ, ನಿನ್ನೆ ಬಸ್ಸು ಹೊರಡೋವಾಗ ಕಿಟಕಿ ಹತ್ರ ನಿಂತು ನನಗೆ ಕೈ ಬೀಸಿದ್ರಲ್ಲ. ಅದು ಇದಕ್ಕೆ ಮುಂಚೆಯೋ, ಆಮೇಲೋ?"

ದೊಡ್ಡಣ್ಣ ಸುಳ್ಳು ಹೇಳಬಹುದಿತ್ತು. ಅವಳೂ ಅದನ್ನೇ ಬಯಸಿದ್ದಳೋ ಏನೋ, ಅವನ ಬಾಯನ್ನೇ ನೋಡುತ್ತಿದ್ದಳು.

"ಆಮೇಲೆ" ಎಂದ ಅವನು.

ಮಗಳು ತಲೆಯಾಡಿಸಿ, ಅಪ್ಪನ ಕೈ ಹಿಡಿದುಕೊಂಡು ಹೊರಗೆ ನಡೆದಳು. ಇಬ್ಬರೂ ಬಸ್ಸಿಗೆ ಕಾಯದೆ ಕಾಡಿನ ದಾರಿಯಲ್ಲಿ ಗೇಟಿನವರೆಗೂ ನಡೆದೇ ಹೋದರು.